ನೆಲದ ಮೇಲಿನ ನಾಲ್ಕು ಗೆರೆಗಳು

ಆಸ್ಪತ್ರೆಯ ಲಿಫ್ಟಿನವರ ಮಗಳು, ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಎದ್ದು "ಇದ್ದೀನಿ ಸರ್" ಅಂದರೆ ಪಕ್ಕದ ಬೆಂಚಿಗೂ ಕೇಳಿಸುತ್ತಿರಲಿಲ್ಲ. ಒಂದು ದಿನವೂ ತರಗತಿ ತಪ್ಪಿಸದ ಅವಳ ಹಾಜರಿ ಮೊದಲ ವರ್ಷದ ಕೊನೆಗೆ ಎಷ್ಟು ಕಡಿಮೆಯಾಗಿತ್ತೆಂದರೆ ಪ್ರಿನ್ಸಿಪಾಲರು ತಂದೆಯನ್ನೇ ಕರೆದುಕೊಂಡು ಬಾ ಎಂದಿದ್ದರು. ಆ ವಿಷಯ ಗೊತ್ತಾದ ಮೇಲೆ ಜೊತೆಯವರು ಅವಳಿಗೆ ಪಿಸುಮಾತು ಎಂದು ಹೆಸರಿಟ್ಟರು. ಕರೆಯಲು ಉದ್ದವಾಯಿತೆಂದು ಅದು ಪಿಸು ಆಯಿತು.

ಎರಡನೆಯ ವರ್ಷದವರು ಆರಾರು ಜನರ ಗುಂಪು ಮಾಡಿಕೊಂಡು ಊರಿಗೆ ಉಪಯೋಗವಾಗುವ ಒಂದು ಕೆಲಸ ಮಾಡಬೇಕೆಂಬುದು ಆ ಕಾಲೇಜಿನ ನಿಯಮ. ಗುಂಪಿಗೊಬ್ಬ ಮುಖಂಡ ಬೇಕು. ಆ ಜವಾಬ್ದಾರಿ ಯಾರಿಗೂ ಬೇಡವಾಗಿತ್ತು. ಆಯ್ಕೆಯ ದಿನ ಪಿಸು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಳು. ಬಾರದವರನ್ನೇ ಮುಖಂಡರನ್ನಾಗಿ ಮಾಡಿದರೆ ಜಗಳವಿಲ್ಲವೆಂದು ಉಳಿದ ಐವರು ಅವಳ ಹೆಸರು ಬರೆದುಕೊಟ್ಟರು. ಮರುದಿನ ಬಾಯಲ್ಲಿ ಹತ್ತಿ ಇಟ್ಟುಕೊಂಡು ಬಂದವಳಿಗೆ ಒಲ್ಲೆ ಎನ್ನಲೂ ಆಗಲಿಲ್ಲ.

"ಗಿಡ ನೆಡೋಣ ಬಿಡು," ಎಂದ ಗುಂಪಿನ ಉದ್ದಣ್ಣ. ಬಾಗಿಲು ದಾಟುವಾಗ ತಲೆ ಬಗ್ಗಿಸುವ ಹುಡುಗ. "ಹೋದ ವರ್ಷದ ಗುಂಡಿಗಳು ಹಾಗೇ ಇವೆ. ತೋಡೋ ಕೆಲಸ ತಪ್ಪುತ್ತೆ."

ಪಿಸು, "ಆಸ್ಪತ್ರೇಲಿ ಏನಾದ್ರೂ ಮಾಡೋಣ್ವಾ?" ಎಂದಳು. ಮೂರು ಸಲ ಹೇಳಿದ ಮೇಲೆ ಎಲ್ಲರಿಗೂ ಕೇಳಿಸಿತು.

ಅವಳ ಅಪ್ಪ ದೊಡ್ಡಾಸ್ಪತ್ರೆಯ ಹೊರರೋಗಿಗಳ ಕಟ್ಟಡದಲ್ಲಿ ಇಪ್ಪತ್ತನಾಲ್ಕು ವರ್ಷಗಳಿಂದ ಲಿಫ್ಟು ನಡೆಸುತ್ತಿದ್ದರು. ಮರದ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವುದು ಅವರ ಅರ್ಧ ಕೆಲಸ ಮಾತ್ರ. ಉಳಿದರ್ಧ, ಬಂದವರಿಗೆ ದಾರಿ ಹೇಳುವುದು. ಕಾಲೇಜು ಬೇಗ ಬಿಟ್ಟ ದಿನ ಪಿಸು ಅವರಿಗೆ ಊಟದ ಡಬ್ಬಿ ಒಯ್ಯುತ್ತಿದ್ದಳು. ಒಮ್ಮೆ ಹಾಗೆ ಹೋದಾಗ, ಎಕ್ಸ್‌ರೇ ಚೀಟಿ ಹಿಡಿದ ಒಬ್ಬ ಮುದುಕ ಬೆಳಗ್ಗಿನಿಂದ ಮೂರು ಮಹಡಿ ಸುತ್ತಿ, ಕೊನೆಗೆ ಆ ಕೋಣೆ ಸಿಕ್ಕಾಗ ಬೀಗ ಹಾಕಿದ್ದನ್ನು ನೋಡಿ ಗೋಡೆಗೆ ಒರಗಿ ಕೂತುಬಿಟ್ಟಿದ್ದ. ಬಯ್ಯಲಿಲ್ಲ, ಅಳಲಿಲ್ಲ. ಚೀಟಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡು, "ನಾಳೆ ಬೇಗ ಬರ್ತೀನಿ" ಎಂದು ಯಾರಿಗೋ ಹೇಳುವಂತೆ ಹೇಳಿದ. ಆ ಮುಖ ಅವಳ ಮನಸ್ಸಿನಿಂದ ಹೋಗಿರಲಿಲ್ಲ.

ದಾರಿ ತೋರಿಸುವ ಗುರುತು ಹಾಕುತ್ತೇವೆಂಬ ಅರ್ಜಿಯನ್ನು ಆಸ್ಪತ್ರೆಯ ದೊಡ್ಡ ಡಾಕ್ಟರು ಓದಿ, "ಕೆಳಗಿನ ಮಹಡಿ ಮಾತ್ರ. ಒಂದು ತಿಂಗಳು. ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ," ಎಂದು ಸಹಿ ಹಾಕಿದರು.

ಗುಂಪಿನವರು ಹುಮ್ಮಸ್ಸಿನಿಂದ ಹನ್ನೆರಡು ಫಲಕ ಬರೆದರು. ದುಂಡಾದ ಅಕ್ಷರ, ದಪ್ಪ ಬಾಣ. ಅವನ್ನೆಲ್ಲ ಅಂಟಿಸಿ, ಮರುದಿನ ಏನಾಗುತ್ತದೆಂದು ನೋಡಲು ನೋಟ್‌ಬುಕ್ಕು ಹಿಡಿದು ಕಂಬದ ಪಕ್ಕ ನಿಂತರು. ಬಂದವರು ಬಂದ ಹಾಗೆ ಫಲಕದ ಕೆಳಗೇ ನಿಂತು, "ರಕ್ತ ಪರೀಕ್ಷೆ ಎಲ್ಲಿ?" ಎಂದು ಲಿಫ್ಟಿನವರನ್ನು ಕೇಳುತ್ತಿದ್ದರು.

ಸಂಜೆ ಪಿಸು ಸಪ್ಪೆ ಮುಖದಲ್ಲಿ ಊಟಕ್ಕೆ ಕೂತಾಗ ಅಪ್ಪ ಹೇಳಿದರು: "ಓದೋಕೆ ಬರೋರೂ ಅಲ್ಲಿ ಓದಲ್ಲ ಮಗಳೇ. ಮನೇಲಿ ಒಬ್ರಿಗೆ ಹುಷಾರಿಲ್ಲ ಅಂದ್ರೆ ಮನುಷ್ಯ ತಲೆ ತಗ್ಗಿಸಿ ನಡೀತಾನೆ. ನಾನು ದಿನಾ ನೋಡ್ತೀನಲ್ಲ, ಎಲ್ಲರ ಕಣ್ಣೂ ನೆಲದ ಮೇಲೆ."

ಪಿಸು ತುತ್ತು ಕೈಯಲ್ಲಿ ಹಿಡಿದುಕೊಂಡೇ ಅಪ್ಪನನ್ನು ನೋಡಿದಳು. "ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ನೀನೆಲ್ಲಿ ಕೇಳಿದೆ?"

ಹಾಗೆ ನೆಲದ ಮೇಲೆ ಗೆರೆ ಎಳೆಯುವ ಯೋಚನೆ ಹುಟ್ಟಿತು. ರಕ್ತ ಪರೀಕ್ಷೆಗೆ ಕೆಂಪು, ಎಕ್ಸ್‌ರೇಗೆ ಹಳದಿ, ಔಷಧಿ ಕೊಡುವಲ್ಲಿಗೆ ನೀಲಿ, ಕಣ್ಣಿನ ವಿಭಾಗಕ್ಕೆ ಹಸಿರು. ಬಾಗಿಲಲ್ಲಿ ಕೂರುವ ಗುಮಾಸ್ತೆ "ಹಳದಿ ಹಿಡ್ಕೊಂಡು ಹೋಗಿ" ಎಂದರೆ ಸಾಕು. ಭಾನುವಾರ ಹೊರರೋಗಿಗಳಿರುವುದಿಲ್ಲ. ಆರು ಜನ ಮೊಣಕಾಲೂರಿ ಹಳದಿ ಗೆರೆ ಮುಗಿಸಿ, ಬೆನ್ನು ಹಿಡಿದುಕೊಂಡು ಮನೆಗೆ ಹೋದರು. ಸೋಮವಾರ ಬೆಳಗ್ಗೆ ಬಂದು ನೋಡಿದರೆ ಗೆರೆ ಇಲ್ಲ. ಬಕೆಟ್ಟಿನಲ್ಲಿ ಹಳದಿ ನೀರು.

ಬಕೆಟ್ಟಿನ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತವರು ದೊಡ್ಡಕ್ಕ. ಆ ನೆಲವನ್ನು ದಿನಕ್ಕೆ ಮೂರು ಸಲ ಒರೆಸುವವರು. ಡಾಕ್ಟರುಗಳೂ ಅವರು ಒರೆಸಿದ ಕಡೆ ಒಣಗುವವರೆಗೆ ಕಾಯುತ್ತಿದ್ದರು.

"ಯಾರು ನನ್ನ ನೆಲಕ್ಕೆ ಬಣ್ಣ ಚೆಲ್ಲಿದ್ದು?"

ಐವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಮುಂದೆ ಉಳಿದವಳು ಪಿಸು. "ನಾನು, ದೊಡ್ಡಕ್ಕ," ಎಂದಳು. "ದೊಡ್ಡ ಡಾಕ್ಟರ ಸಹಿ ಇದೆ. ಆದ್ರೆ ನಿಮ್ಮನ್ನ ಕೇಳ್ಬೇಕಿತ್ತು. ಕೇಳ್ಲಿಲ್ಲ. ತಪ್ಪಾಯ್ತು."

ದೊಡ್ಡಕ್ಕ ಸೊಂಟದಿಂದ ಕೈ ತೆಗೆದರು. ಆಮೇಲೆ ಬೈದದ್ದು ಬಣ್ಣವನ್ನು. "ಇದೇನು ಬಣ್ಣಾನಾ, ಗೋಡೆಗೆ ಬಳಿಯೋ ನೀರು. ನಾನು ಉಜ್ಜಬೇಕಾಗೇ ಇರ್ಲಿಲ್ಲ, ಬಟ್ಟೆ ತೋರಿಸ್ದೆ, ಎದ್ದು ಬಂತು. ನನ್ನ ಮೈದುನ ರಸ್ತೆಗೆ ಪಟ್ಟೆ ಹೊಡೀತಾನೆ. ಲಾರಿ ಹರಿದ್ರೂ ಹೋಗಲ್ಲ ಅವನ ಬಣ್ಣ. ಹೇಳಿ ಕಳಿಸ್ತೀನಿ." ಬಕೆಟ್ಟು ಎತ್ತಿಕೊಂಡು, "ಇನ್ನೊಂದು. ಸ್ಟ್ರೆಚರ್ ತಿರುಗೋ ಮೂಲೇಲಿ ಗೆರೆ ನಡುವೆ ಬೇಡ, ಗೋಡೆ ಪಕ್ಕಕ್ಕೆ ತಗೊಳ್ಳಿ. ಗೆರೆ ಹಿಡ್ಕೊಂಡು ಬರೋ ಜನ ಚಕ್ರಕ್ಕೆ ಸಿಕ್ಕೊಳ್ತಾರೆ," ಎಂದರು.

ಮುಂದಿನ ಭಾನುವಾರ ಮೈದುನ ತಾನೇ ಡಬ್ಬಗಳನ್ನು ಹೊತ್ತು ತಂದು, ಎಳೆಯುವ ರೀತಿ ತೋರಿಸಿಕೊಟ್ಟ. ಎರಡೂ ಕಡೆ ಅಂಟುಪಟ್ಟಿ ಹಾಕಿ, ನಡುವೆ ಬಣ್ಣ ಎಳೆದು, ಒಣಗುವ ಮುನ್ನ ಪಟ್ಟಿ ಕೀಳಬೇಕು. ಎಲ್ಲರಿಗೂ ಕೆಲಸ ಹಿಡಿತಕ್ಕೆ ಬಂತು. ಹಸಿರು ಗೆರೆಯ ಕೊನೆಯ ಭಾಗ ಉದ್ದಣ್ಣನ ಪಾಲಿಗೆ ಬಿದ್ದಿತ್ತು. ಪಿಸು ಈ ತುದಿಯಿಂದ ಸುಮ್ಮನೆ ಆ ಕಡೆ ನೋಡಿದಳು. ಹಸಿರು ಗೆರೆ ತಿರುವಿನ ತನಕ ಹಸಿರಾಗಿ ಹೋಗಿ ಅಲ್ಲಿಂದ ಮುಂದೆ ಕೆಂಪಾಗಿ ಹೋಗುತ್ತಿತ್ತು.

"ನಿಲ್ಲಿಸೋ!"

ಇಡೀ ಕಟ್ಟಡಕ್ಕೆ ಕೇಳಿಸಿತು. ರಜೆಯಿದ್ದರೂ ಮಗಳ ಜೊತೆಗೆಂದು ಬಂದಿದ್ದ ಅಪ್ಪ ಸ್ಟೂಲಿನಿಂದ ಎದ್ದೇಬಿಟ್ಟರು. ಕೂಗಿದ್ದು ತನ್ನ ಮಗಳೆಂದು ಅವರಿಗೆ ತಕ್ಷಣ ಗೊತ್ತಾಗಲಿಲ್ಲ.

ಉದ್ದಣ್ಣ ಕುಂಚ ಹಿಡಿದು ಬೆಪ್ಪಾಗಿ ನಿಂತಿದ್ದ. "ಏನಾಯ್ತು? ಹಸಿರು ತಾನೇ?"

ತಮಾಷೆ ಮಾಡುತ್ತಿದ್ದಾನೆಂದು ಎಲ್ಲರೂ ನಕ್ಕರು. ಅವನು ನಗಲಿಲ್ಲ. ಎರಡೂ ಡಬ್ಬಗಳನ್ನು ಪಕ್ಕಪಕ್ಕದಲ್ಲಿಟ್ಟು ತುಂಬಾ ಹೊತ್ತು ನೋಡಿದ. "ನಂಗೆ ಎರಡೂ ಒಂದೇ ಥರ ಕಾಣ್ತಿವೆ," ಎಂದ. ಹತ್ತೊಂಬತ್ತು ವರ್ಷ ಅವನಿಗೂ ಮನೆಯವರಿಗೂ ಗೊತ್ತಾಗದೆ ಇದ್ದ ಸಂಗತಿ ಅದು. ಅಮ್ಮ ಕೆಂಪಂಗಿ ತಾ ಎಂದರೆ ಹಸಿರಂಗಿ ತರುತ್ತಿದ್ದುದಕ್ಕೆ ಚಿಕ್ಕಂದಿನಿಂದ ಬೈಗುಳ ತಿಂದಿದ್ದ.

ಸೋಮವಾರ ಕಣ್ಣಿನ ಡಾಕ್ಟರು ಚುಕ್ಕಿಗಳ ಪುಸ್ತಕ ತೋರಿಸಿ ಪರೀಕ್ಷಿಸಿ, "ಇದು ರೋಗ ಅಲ್ಲಪ್ಪ, ನಿನ್ನ ಕಣ್ಣು ಇರೋದೇ ಹಾಗೆ. ಹುಡುಗರಲ್ಲಿ ಅಷ್ಟೇನೂ ಅಪರೂಪ ಅಲ್ಲ," ಎಂದರು. ಉದ್ದಣ್ಣ ಅಲ್ಲಿಂದಲೇ ಅಮ್ಮನಿಗೆ ಫೋನು ಮಾಡಿ, ಹಳೆಯ ಬೈಗುಳವನ್ನೆಲ್ಲ ವಾಪಸು ತೆಗೆದುಕೊಳ್ಳಬೇಕೆಂದ.

ಪಿಸುವಿಗೆ ಮಾತ್ರ ಅಪರೂಪ ಅಲ್ಲ ಎಂಬ ಮಾತೇ ಕಿವಿಯಲ್ಲಿ ಉಳಿಯಿತು. ಹಾಗಿದ್ದರೆ ದಿನಕ್ಕೆ ಎಷ್ಟು ಜನ ಕೆಂಪು ಬಿಟ್ಟು ಹಸಿರು ಹಿಡಿದು ರಕ್ತ ಕೊಡಲು ಕಣ್ಣಿನ ವಿಭಾಗಕ್ಕೆ ಹೋಗಬೇಕು? ಬಣ್ಣದ ಜೊತೆ ಚಿತ್ರವೂ ಇರಲಿ ಎಂದು ಅವಳು ಪಟ್ಟು ಹಿಡಿದಳು. ಐದೈದು ಹೆಜ್ಜೆಗೆ ಕೆಂಪಿನ ಮೇಲೆ ಒಂದು ಹನಿ, ಹಳದಿಯ ಮೇಲೆ ಎಲುಬು, ನೀಲಿಯ ಮೇಲೆ ಗುಳಿಗೆ, ಹಸಿರಿನ ಮೇಲೆ ಕಣ್ಣು. ಅಚ್ಚುಗಳನ್ನು ಉದ್ದಣ್ಣನೇ ದಪ್ಪ ರಟ್ಟಿನಲ್ಲಿ ಕತ್ತರಿಸಿದ. ಎಲುಬು ಮೊದಲು ಚಮಚದ ಹಾಗೆ ಬಂತು. ಕ್ಯಾಂಟೀನಿಗೆ ದಾರಿಯೇ ಎಂದು ದೊಡ್ಡಕ್ಕ ಕೇಳಿದ ಮೇಲೆ ತಿದ್ದಿದ.

ಗೆರೆಗಳೆಲ್ಲ ಮುಗಿದ ಸೋಮವಾರ ಒಬ್ಬ ಅಜ್ಜಿ ನೀಲಿ ಗೆರೆಯ ಮೇಲೆಯೇ, ಹಗ್ಗದ ಮೇಲೆ ನಡೆಯುವಂತೆ, ಹೆಜ್ಜೆಗೆ ಹೆಜ್ಜೆ ಜೋಡಿಸಿ ಬಂದಳು. ಹಿಂದೆ ಬರುತ್ತಿದ್ದ ಗಂಡ, "ಪಕ್ಕದಲ್ಲಿ ನಡೆದ್ರೂ ಸಿಗುತ್ತೆ ಕಣೇ," ಎಂದ.

"ನೀವು ಸುಮ್ನಿರಿ. ಇಷ್ಟು ವರ್ಷ ನಿಮ್ಮ ಹಿಂದೆ ನಡೆದು ಎಲ್ಲಿ ತಲುಪಿದೀನಿ ಗೊತ್ತು," ಎಂದಳು ಅಜ್ಜಿ. ಔಷಧಿಯ ಕಿಟಕಿ ಸಿಕ್ಕಾಗ ಗಂಡನ ಕಡೆ ಒಮ್ಮೆ ತಿರುಗಿ ನೋಡಿದಳು, ಅಷ್ಟೆ.

ಎಲ್ಲರೂ ಖುಷಿಯಾಗಿದ್ದ ಆ ದಿನಗಳಲ್ಲಿ ಅಪ್ಪ ಮಾತ್ರ ಮಂಕಾದರು, ಊಟವೂ ಕಡಿಮೆಯಾಯಿತು. ಮೂರನೆಯ ದಿನ ಚಪ್ಪಲಿ ಬಿಡುತ್ತಾ, "ಇವತ್ತು ಹನ್ನೊಂದು ಗಂಟೆ ತನಕ ಒಬ್ರೂ ಏನೂ ಕೇಳ್ಲಿಲ್ಲ," ಎಂದರು. ಪಿಸುವಿಗೆ ಚುರುಕ್ಕೆಂದಿತು. ಜನರ ಪರದಾಟ ತಪ್ಪಿಸಲು ಹೋಗಿ ಅಪ್ಪನ ಅರ್ಧ ಕೆಲಸವನ್ನು ತಾನೇ ಕಿತ್ತುಕೊಂಡಂತಾಗಿತ್ತು. ಅವರ ಪಕ್ಕದಲ್ಲಿ ಕೂತಳು.

"ಹನ್ನೊಂದರ ಮೇಲೆ?" ಎಂದು ಕೇಳಿದಳು.

"ಆಮೇಲೆ ಒಬ್ಬಳು ಹುಡುಗಿ, ತಾಯಿಗೆ ಆಪರೇಷನ್ನಂತೆ, ಕೊನೇ ಮಹಡಿಗೆ ಬಿಡಿ ಅಂದ್ಲು. ಬಿಟ್ಟೆ. ಇಳೀಲಿಲ್ಲ. ಮತ್ತೆ ಕೆಳಗೆ ಬಂದ್ವಿ, ಮತ್ತೆ ಮೇಲೆ ಹೋದ್ವಿ. ಹಾಗೇ ನಾಲ್ಕು ಸಲ ಹೋಗಿ ಬಂದ್ವಿ, ಅವಳು ಮಾತಾಡ್ತಾನೇ ಇದ್ಲು. ಐದನೇ ಸಲ ಕಣ್ಣೊರೆಸಿಕೊಂಡು ಇಳಿದ್ಲು." ಅಪ್ಪ ಬಿಟ್ಟ ಚಪ್ಪಲಿಯನ್ನು ಗೋಡೆಯ ಬದಿಗೆ ಸರಿಸಿದರು. "ಮೊದಲಾಗಿದ್ರೆ ಹಿಂದೆ ಹತ್ತು ಜನ ದಾರಿ ಕೇಳೋಕೆ ನಿಂತಿರ್ತಿದ್ರು. ಅವಳ ಮಾತು ಕೇಳೋಕೆ ಆಗ್ತಿರ್ಲಿಲ್ಲ."

ಅಂದು ಊಟ ಎಂದಿನಷ್ಟೇ ಮಾಡಿದರು.

ತಿಂಗಳು ಮುಗಿದಾಗ ದೊಡ್ಡ ಡಾಕ್ಟರು ತಾವೇ ಹಳದಿ ಗೆರೆ ಹಿಡಿದು ಎಕ್ಸ್‌ರೇ ಕೋಣೆಯವರೆಗೆ ಹೋಗಿಬಂದು, ಮೇಲಿನ ಎರಡು ಮಹಡಿಗಳಿಗೂ ಸಹಿ ಹಾಕಿದರು. ಕಾಲೇಜಿನ ಲೆಕ್ಕದಲ್ಲಿ ಕೆಲಸ ಮುಗಿದಿತ್ತು. ಆದರೂ ಆರು ಜನರಲ್ಲಿ ಒಬ್ಬರೂ ಬಿಟ್ಟು ಹೋಗಲಿಲ್ಲ. ಮೊದಲ ವರ್ಷದ ನಾಲ್ವರು ತಾವಾಗಿಯೇ ಬಂದು ಸೇರಿದರು.

ಮೊನ್ನೆ ಶನಿವಾರ ಮಧ್ಯಾಹ್ನ ಅಪ್ಪ ಮಗಳು ಎರಡನೆಯ ಮಹಡಿಯ ಉದ್ದಕ್ಕೂ ಹೆಜ್ಜೆ ಎಣಿಸುತ್ತಾ ನಡೆದಿದ್ದರು. ಗೆರೆ ನೀರಿನ ನಲ್ಲಿಯ ಮುಂದಿನಿಂದ ಹಾಯಲಿ ಎಂದು ಅಪ್ಪ, ಸುತ್ತಾಗುತ್ತದೆ ಎಂದು ಮಗಳು.

"ಹತ್ತು ಹೆಜ್ಜೆ ಸುತ್ತಾದ್ರೇನಾಯ್ತು? ಕಾಯೋರಿಗೆ ಬಾಯಾರುತ್ತಮ್ಮ."

ಮಗಳು ನಕ್ಷೆಯಲ್ಲಿದ್ದ ಗೆರೆ ಅಳಿಸಿ ನಲ್ಲಿಯ ಕಡೆಗೆ ತಿರುಗಿಸಿದಳು.