ಚಾಚಿ ತುಳಿದ ಹುಲಗೂರಿನ ದಾರಿ

ಚಾಚಿಯ ಬಲ ಮೊಣಕಾಲು ಎಡದಕ್ಕಿಂತ ದಪ್ಪಗಿತ್ತು. ಅದರ ಮೇಲೆ ಬೆಚ್ಚಗೆ ಮಾಡಿದ ಔಡಲ ಎಲೆ ಇಟ್ಟು, ಗಿರಾಕಿಗಳ ಬ್ಲೌಸಿನಲ್ಲಿ ಉಳಿದ ತುಂಡು ಬಟ್ಟೆಯಿಂದ ಕಟ್ಟಿರುತ್ತಿದ್ದರು. ಹಾಗಾಗಿ ಆ ಪಟ್ಟಿಯ ಬಣ್ಣ ದಿನಕ್ಕೊಂದು. ಒಂದು ದಿನ ಗಿಳಿಹಸಿರು, ಇನ್ನೊಂದು ದಿನ ಜರಿಯಂಚಿನ ನೇರಳೆ. ಹೊಲಿಗೆ ಮಷೀನಿನ ಮುಂದೆ ಕೂತಾಗ ಆ ಕಾಲನ್ನು ಎರಡೂ ಕೈಯಿಂದ, ಮಲಗಿದ ಕೂಸನ್ನು ಎತ್ತುವ ಹಾಗೆ ಎತ್ತಿ, ಕೆಳಗಿನ ಪೆಡಲಿನ ಮೇಲೆ ಇಡುತ್ತಿದ್ದರು.

ಶಿಗ್ಗಾವಿಯಲ್ಲಿ ನಮ್ಮ ಹಿತ್ತಲಿಗೂ ಅವರ ಅಂಗಳಕ್ಕೂ ನಡುವೆ ಒಂದೇ ಗೋಡೆ. ಅವ್ವನಿಗೆ ಅವರು ಭಾಬಿ, ನನಗೆ ಚಾಚಿ. ಚಾಚಾ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳನ್ನು ಹಾನಗಲ್ಲಿಗೆ ಕೊಟ್ಟಿದ್ದರು. ಆ ಮಗಳು ಕೂಸಿದ್ದಾಗ ಜ್ವರ ಬಂದು ಇನ್ನೇನು ಕೈಬಿಟ್ಟು ಹೋಗುತ್ತಾಳೆ ಎನ್ನುವಂತಾಗಿತ್ತು. ಆಗ ಚಾಚಿ ಹುಲಗೂರಿನ ದರ್ಗಾಕ್ಕೆ ಹರಕೆ ಹೊತ್ತರು. ಮಗು ಉಳಿದರೆ, ನಾನು ಇರುವವರೆಗೂ ವರ್ಷಕ್ಕೊಮ್ಮೆ ನನ್ನ ಕಾಲ ಮೇಲೆ ಬರುತ್ತೇನೆ ಎಂದು. ಮಗು ಉಳಿಯಿತು. ಅಂದಿನಿಂದ ಪ್ರತಿ ವರ್ಷ ಉರುಸಿಗೆ ಮುಂಚಿನ ಗುರುವಾರ ನಸುಕಿನಲ್ಲಿ ಎದ್ದು ನಡೆದು ಹೋಗುತ್ತಿದ್ದರು.

ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ, ಊರಿನ ಕಾಲೇಜಿನಲ್ಲಿ ಪಾಠ ಮಾಡಲು ಮರಳಿದ ವರ್ಷ ಆ ಮೊಣಕಾಲು ನಡಿಗೆಗೆ ಒಪ್ಪಲಿಲ್ಲ. ಮಗಳು ಹಟ ಮಾಡಿ ಆಟೋದಲ್ಲಿ ಕರೆದೊಯ್ದಳು. ಚಾಚಿ ದರ್ಗಾದ ಬಾಗಿಲವರೆಗೆ ಹೋಗಿ, ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟರಂತೆ. ಒಳಗೆ ಕಾಲಿಡಲಿಲ್ಲ.

"ಆಟೋದ ಕಾಲ ಮ್ಯಾಲೆ ಹೋಗಿದ್ನೆಲ್ರಿ ಅಕ್ಕಾರ, ಒಳಗ ಏನಂತ ಮಾರಿ ತೋರಸ್ಲಿ?" ಎಂದು ಅವ್ವನ ಮುಂದೆ ಹೇಳಿದರು.

"ಆಟೋಕ್ಕ ಎಲ್ಲಿ ಕಾಲ್ರಿ ಭಾಬಿ? ಗಾಲಿ ಇರ್ತಾವ."

"ನಾನೂ ಅದನ್ನ ಹೇಳಾಕತ್ತೇನಿ."

ಬೆಳಿಗ್ಗೆ ಸೈಕಲ್ ತುಳಿಯುವ ರೂಢಿ ನನಗೆ ಹತ್ತಿದ್ದು ಧಾರವಾಡದ ಏರಿಳಿತಗಳಲ್ಲಿ. ಊರಿಗೆ ಬಂದ ಮೇಲೂ ಬಿಡಲಿಲ್ಲ. ಹಾನಗಲ್ಲಿನ ಕಡೆ ಹೊರಟರೆ ಗದ್ದೆಯ ತಂಪು, ಸವಣೂರಿನ ಕಡೆ ಎರೆಹೊಲದ ಎದುರುಗಾಳಿ. ರಜೆ ಕೂಡಿಬಂದರೆ ಹಿರೇಕೆರೂರಿನವರೆಗೆ ಹೋಗಿ ಬಸ್ಸಿನ ಮೇಲೆ ಸೈಕಲ್ ಹಾಕಿಸಿಕೊಂಡು ಬಂದದ್ದೂ ಉಂಟು. ಹುಲಗೂರಿನ ದಾರಿ ಇವೆಲ್ಲಕ್ಕಿಂತ ಚಿಕ್ಕದು, ಆದರೆ ಒಂದು ದಿಬ್ಬ ಇಳಿಯುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ಎಲ್ಲಿಗೆ ಹೋದರೂ ಒಬ್ಬಳೇ ಹೋಗುತ್ತಿದ್ದೆ. ನನಗೆ ಅದು ಸಾಕಾಗಿತ್ತು.

ಒಂದು ದಿನ ಸೈಕಲ್ ಒರೆಸುತ್ತಿದ್ದಾಗ ಗೋಡೆಯ ಆಚೆಯಿಂದ ಚಾಚಿಯ ತಲೆ ಕಾಣಿಸಿತು.

"ಬೇಟಾ, ಡಾಕ್ಟರ್ ನಡೀಬ್ಯಾಡ ಅಂದಾರ. ಸೈಕಲ್ ತುಳದ್ರ ಛಲೋ ಅಂದಾರ. ಇದಕ್ಕ ಎಂಜಿನ್ ಇಲ್ಲಲ್ಲ?"

"ಇಲ್ರಿ ಚಾಚಿ."

"ತುಳದ್ರ ಅಷ್ಟ ಹೋಗತೈತಿ?"

"ಹೌದ್ರಿ."

"ಹಂಗಾದ್ರ ಇದು ನನ್ನ ಕಾಲ ಮ್ಯಾಲೆ ಹೋದಂಗ ಆತು. ಕಲಸು."

ಅವರಿಗೆ ಆಗ ಐವತ್ತು ದಾಟಿತ್ತು. ಹುಬ್ಬಳ್ಳಿಯಿಂದ ಗೇರಿನ ಲೇಡೀಸ್ ಸೈಕಲ್ ತರಿಸಿ, ಡಬಲ್ ಸ್ಟ್ಯಾಂಡ್ ಹಾಕಿಸಿದೆವು. ಕಾಲೇಜಿನ ಬಯಲಿನಲ್ಲಿ ಪಾಠ. ಮೊದಲ ವಾರ ಸೈಕಲ್ ನಿಂತಲ್ಲಿಂದ ಮುಂದೆ ಹೋಗಲೇ ಇಲ್ಲ. ಯಾಕೆಂದು ನನಗೆ ತಿಳಿಯಲಿಲ್ಲ. ಕೊನೆಗೆ ಬಗ್ಗಿ ಅವರ ಪಾದಗಳನ್ನೇ ನೋಡಿದೆ. ಮಷೀನು ತುಳಿದು ಪಳಗಿದ ಆ ಪಾದಗಳು ಎರಡೂ ಪೆಡಲನ್ನು ಒಟ್ಟಿಗೇ ಒತ್ತುತ್ತಿದ್ದವು.

"ಒಂದು ಒತ್ತಿದಾಗ ಇನ್ನೊಂದು ಸುಮ್ಮನಿರಬೇಕ್ರಿ."

"ಸುಮ್ಮನ ಕುಂದ್ರೂದು ನನ್ನ ಯಾವ ಕಾಲಿಗೂ ಗೊತ್ತಿಲ್ಲ ತಗೊ."

ನೀರಿಗೆ ಹೊರಟಿದ್ದ ಓಣಿಯ ಹೆಂಗಸೊಬ್ಬಳು ನಿಂತು, "ಏನ್ ಚಾಚಿ, ಕಾಲೇಜಿಗೆ ಹೆಸರು ಹಚ್ಚೀರೇನು?" ಎಂದು ಕೇಳಿದಳು.

"ಹಚ್ಚಬೇಕಂತ ಹ್ವಾದೆ. ನೀ ಫೇಲಾಗಿ ಇನ್ನೂ ಅಲ್ಲೇ ಕುಂತೀಯಂತ, ಜಾಗಾ ಇಲ್ಲ ಅಂದ್ರು."

ಎರಡು ಸಲ ಬಿದ್ದರು. ಮೂರನೆಯ ಸಲ ಬೇಲಿಯೊಳಗೇ ಹೋದರು. ಸಮತೋಲ ಸಿಕ್ಕ ಮೇಲೆ ಸವಣೂರಿನ ಸಮರಸ್ತೆಯಲ್ಲಿ ಅಭ್ಯಾಸ ಮಾಡಿಸಿದೆ. ತೊಂದರೆ ಬಂದದ್ದು ಹುಲಗೂರಿನ ದಾರಿಯ ಮೊದಲ ದಿಬ್ಬದಲ್ಲಿ. ಮೊಣಕಾಲು ನೋಯಬಾರದೆಂದು ನಾನು ಪಕ್ಕದಿಂದ ಕೈ ನೀಡಿ ಗೇರು ಇಳಿಸಿದೆ.

"ಏನ್ ಮಾಡ್ದಿ? ಹಗುರಾತು!"

"ಏರಿಗೆ ಹಗುರ ಇರಲಿ ಅಂತ್ರಿ."

"ತಗಿ ಅದನ್ನ. ಹಗುರಾಗಿ ಹೋಗಾಕ ಆಟೋನ ಇತ್ತಲ್ಲ."

ಭಾರದ ಗೇರಿನಲ್ಲೇ ಹಟ ಹಿಡಿದು ಹತ್ತಿದರು. ಮರುದಿನ ಮೊಣಕಾಲು ಊದಿಕೊಂಡಿತು. ವಾರಗಟ್ಟಲೆ ಸೈಕಲ್ ಮುಟ್ಟುವ ಹಾಗಿರಲಿಲ್ಲ, ಉರುಸು ಹತ್ತಿರ ಬರುತ್ತಿತ್ತು. ಹಗುರದ ಗೇರಿಗೆ ಹೇಗೆ ಒಪ್ಪಿಸುವುದೆಂದು ನಾನು ಬಹಳ ಯೋಚಿಸಿದೆ. ಹರಕೆಯ ಲೆಕ್ಕ ನನ್ನದಲ್ಲ, ಅದರಲ್ಲಿ ಕೈ ಹಾಕುವ ಅಧಿಕಾರವೂ ನನಗಿರಲಿಲ್ಲ. ನನಗೆ ಗೊತ್ತಿದ್ದುದು ಗೇರಿನ ವಿಷಯ ಮಾತ್ರ. ಒಂದು ಸಂಜೆ ಹೋಗಿ ಅದನ್ನೇ ಹೇಳಿದೆ.

"ಚಾಚಿ, ದಿಬ್ಬ ಎಷ್ಟ ಅದನೋ ಅಷ್ಟ ಇರತದ. ಗೇರು ಇಳಿಸಿದ್ರ ಒಂದ ಸಲ ತುಳಿಯೂ ಕಡೆ ಎರಡು ಸಲ ತುಳೀಬೇಕಾಗತದ. ಕೆಲಸ ಕಡಿಮಿ ಆಗೂದಿಲ್ಲ."

ಬಟ್ಟೆ ಕತ್ತರಿಸುತ್ತಿದ್ದ ಕೈ ನಿಂತಿತು. "ಅಂದ್ರ ಹೆಜ್ಜಿ ಜಾಸ್ತಿ ಬೀಳತಾವ?"

"ಹೌದ್ರಿ."

"ಅದನ್ನ ಮೊದಲ ಹೇಳಬೇಕಿಲ್ಲೋ ಹುಚ್ಚಿ, ಎಂ.ಎ. ಕಲಿತೀದಿ!"

ಉರುಸಿಗೆ ಮುಂಚಿನ ಗುರುವಾರ ಸಮರಸ್ತೆಯಲ್ಲೂ ಅವರು ಅತಿ ಹಗುರದ ಗೇರನ್ನೇ ಇಟ್ಟುಕೊಂಡರು. ಪಾದಗಳು ಗಿರಗಿರ ತಿರುಗುತ್ತಿದ್ದವು, ಸೈಕಲ್ ಎತ್ತಿನ ಬಂಡಿಯ ಹಾಗೆ ಸಾಗುತ್ತಿತ್ತು. ಅಷ್ಟು ನಿಧಾನ ಹೋಗುವುದು ನನಗೆ ಕಷ್ಟವಾಯಿತು. ಹುಲಗೂರಿಗೆ ಮುಂಚಿನ ದೊಡ್ಡ ಏರಿನಲ್ಲೂ ಅವರು ಇಳಿಯಲಿಲ್ಲ. ಏರು ಮುಗಿದು ಊರು ಕಂಡ ಮೇಲೆ, ದರ್ಗಾದ ಮುಂದಿನ ಹುಣಸೆಮರಗಳ ಹತ್ತಿರ ಸೈಕಲ್ ನಿಲ್ಲಿಸಿ, ಚಪ್ಪಲಿ ಬಿಟ್ಟು, ಕುಂಟುತ್ತ ಒಳಗೆ ಹೋದರು. ಬರುವಾಗ ಮುಷ್ಟಿಯಲ್ಲಿ ಸಕ್ಕರೆ ಇತ್ತು.

"ಇದು ನಿಂದು. ಸಕ್ಕರಿ ಅಷ್ಟ ಮತ್ತ, ಹರಕಿಯೊಳಗ ಪಾಲು ಕೇಳಬ್ಯಾಡ."

ಹೀಗೆ ಕೆಲವು ವರ್ಷ ಹೋಗಿಬಂದೆವು. ಕಳೆದ ಸಲ ಉರುಸಿಗೆ ತಿಂಗಳಿರುವಾಗ, ಸಮರಸ್ತೆಯಲ್ಲಿ ಹೋಗುತ್ತಿದ್ದ ಚಾಚಿ ಎಡಕ್ಕೆ ವಾಲಿ ಬಿದ್ದರು. ನಾಲ್ಕು ದಿನ ಬಿಟ್ಟು ಮತ್ತೆ ಹಾಗೆಯೇ, ಈ ಸಲ ಅಡಿಗೆಮನೆಯಲ್ಲಿ. ಹುಬ್ಬಳ್ಳಿಯ ಡಾಕ್ಟರು ತಲೆಯೊಳಗೆ ಗೆಡ್ಡೆ ಇದೆ ಎಂದರು, ತೆಗೆಯುವಂಥ ಜಾಗದಲ್ಲಿಲ್ಲ ಎಂದರು. ಮನೆಯಲ್ಲಿ ಕೂತಲ್ಲಿ ಏನು ಬೇಕಾದರೂ ಮಾಡಲಿ, ರಸ್ತೆಗೆ ಮಾತ್ರ ಬಿಡಬೇಡಿ ಎಂದೂ ಹೇಳಿದರು. ಮಗಳು ಹಾನಗಲ್ಲಿನಿಂದ ಬಂದು ಉಳಿದಳು.

"ಅಮ್ಮಿ, ಈ ಸಲ ನಿನ್ನ ಬದ್ಲಿ ನಾ ನಡ್ಕೊಂಡು ಹೋಗ್ತೇನಿ."

"ನಿನ್ನ ಜೀವಕ್ಕಂತ ಹೊತ್ತದ್ದನ್ನ ನಿನ್ನ ಕಡೆನ ತೀರಸ್ಲೇನು? ಮಾತು ನಂದು, ಕಾಲು ನಂದು."

ಮರುದಿನ ನನ್ನನ್ನು ಕರೆಸಿದರು. ಸೈಕಲ್ಲನ್ನು ಅಂಗಳದಲ್ಲಿ, ಗೋಡೆಯ ಹತ್ತಿರ, ಹುಲಗೂರಿನ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಬೇಕು ಎಂದರು. ಡಬಲ್ ಸ್ಟ್ಯಾಂಡಿನ ಮೇಲೆ ಹಿಂದಿನ ಗಾಲಿ ನೆಲ ಬಿಟ್ಟಿತು. ನಾನು ಒಂದು ಕಡೆ, ಮಗಳು ಒಂದು ಕಡೆ ಹಿಡಿದು ಕೂಡಿಸಿದೆವು. ದಿನಾ ಆಗುವಷ್ಟು ತುಳಿಯುವುದು, ಗುರುವಾರಕ್ಕೆ ಮುಟ್ಟುವುದು, ಇದು ಅವರ ಏರ್ಪಾಡು. ಅವರು ಕಣ್ಣು ಮುಚ್ಚಿ ತುಳಿಯುತ್ತಿದ್ದರು. ದಾರಿ ಹೇಳುವುದು ನನ್ನ ಕೆಲಸ.

"ಎಲ್ಲಿಗೆ ಬಂದ್ವಿ?"

"ಹಳ್ಳದ ಸೇತುವೆ ದಾಟಿದ್ವಿ. ಎಡಕ್ಕ ಗೋವಿನಜೋಳದ ಹೊಲ."

"ಆ ಕರೀ ನಾಯಿ ಐತೇನು?"

"ಅದರಿ. ಮಲಕೊಂಡದ."

"ಮಲಕೊಳ್ಳಿ. ಗಂಟಿ ಬಾರಿಸಬ್ಯಾಡ."

ಬುಧವಾರ ದೊಡ್ಡ ಏರಿನ ಬುಡಕ್ಕೆ ಬಂದೆವು. ನಾನು ಹಾಗೆಂದು ಹೇಳಿದೆ. ನಾಲ್ಕು ಸುತ್ತು ತುಳಿದು ಚಾಚಿ ಕಣ್ಣು ತೆರೆದರು.

"ಮತ್ತ ಇಷ್ಟು ಹಗುರ ಯಾಕೈತಿ? ಬ್ರೇಕ್ ಹಿಡಿ."

ಮಗಳು ಬೇಡವೆಂದು ನನಗೆ ಕಣ್ಣಲ್ಲೇ ಹೇಳಿದಳು. ನಾನು ಹಿಂದಿನ ಬ್ರೇಕನ್ನು ಸುಮ್ಮನೆ ಸೋಕಿಸಿದೆ.

"ಬೇಟಾ, ಆ ಏರು ನನಗ ಗೊತ್ತೈತಿ. ಇದು ಅದಲ್ಲ. ಗಟ್ಟಿ ಹಿಡಿ."

ಗಟ್ಟಿಯಾಗಿ ಹಿಡಿದೆ. ರಬ್ಬರು ಉಜ್ಜುವ ಸದ್ದಾಯಿತು, ಗಾಲಿ ನಿಂತಿತು. ಸೊರಗಿದ ಪಾದ ಪೆಡಲಿನ ಮೇಲೆ ನಡುಗಿತು. ಅವರು ಹಲ್ಲು ಕಚ್ಚಿ ಒತ್ತಿದರು. ಅರ್ಧ ಸುತ್ತು ತಿರುಗಿತು, ನಿಂತಿತು, ಮತ್ತೆ ಅರ್ಧ ಸುತ್ತು. ಮಗಳ ಕಣ್ಣಲ್ಲಿ ನೀರು. "ಅಕ್ಕಾ, ಸಾಕು, ಕೈ ಬಿಡು" ಎಂದಳು. ಆ ಏರು ಎಷ್ಟು ಉದ್ದ, ಎಲ್ಲಿ ತಿರುವು, ತಿರುವಿನ ನಂತರ ಎಷ್ಟು ಕಡಿದು ಎಂಬುದೆಲ್ಲ ನನಗೆ ಸರಿಯಾಗಿ ಗೊತ್ತಿತ್ತು. ಅದು ಮುಗಿಯುವವರೆಗೆ ನಾನು ಕೈ ಬಿಡಲಿಲ್ಲ.

"ಇಳುಕಲು ಬಂತ್ರಿ ಚಾಚಿ" ಎಂದು ಬ್ರೇಕ್ ಸಡಿಲಿಸಿದಾಗ ಗಾಲಿ ಒಮ್ಮೆಲೇ ಓಡಿತು. ಅವರು ಬೆವರಿನ ಮುಖದಲ್ಲಿ ನಕ್ಕು, ಎರಡೂ ಪಾದ ಎತ್ತಿ ಹಿಡಿದು ಗಾಳಿಗೆ ಮುಖ ಒಡ್ಡಿದರು. ಅಂಗಳದಲ್ಲಿ ಗಾಳಿ ಇರಲಿಲ್ಲ.

ಗುರುವಾರ ಹುಣಸೆಮರ ಬಂತೆಂದು ನಾನು ಹೇಳಿದ ಕೂಡಲೇ ಇಳಿದರು. ಚಪ್ಪಲಿ ಬಿಟ್ಟು, ನಮ್ಮಿಬ್ಬರ ಹೆಗಲ ಮೇಲೆ ಕೈ ಹಾಕಿ ಅಂಗಳದ ಕೊನೆಯವರೆಗೆ ನಡೆದರು. ಅಲ್ಲಿ ನಮ್ಮನ್ನು ಬಿಡಿಸಿಕೊಂಡು ಒಬ್ಬರೇ ನಿಂತು, ಅಂಗೈ ತೆರೆದು ಬಹಳ ಹೊತ್ತು ದುವಾ ಮಾಡಿದರು.

ಆ ತಿಂಗಳು ಮುಗಿಯುವ ಮೊದಲೇ ಚಾಚಿ ಹೋದರು.

ಮಣ್ಣು ಮಾಡಿ ಬಂದ ಸಂಜೆ ಅವ್ವ ನನ್ನ ಹತ್ತಿರ ಬಂದು ಕೂತಳು. "ಅವತ್ತ ಗ್ವಾಡಿ ಮ್ಯಾಲಿಂದ ನೋಡಿದ್ನೆ. ಜಡ್ಡಿನ ಹೆಣ್ಮಗಳು ಇದ್ಲು, ಒಂಚೂರು ಬ್ರೇಕ್ ಬಿಡಬಾರದಿತ್ತೇನ?" ಎಂದು ಕೇಳಿದಳು.

"ಬಿಟ್ಟಿದ್ರ ಅವರು ಹುಲಗೂರು ಮುಟ್ಟತಿದ್ದಿಲ್ಲವ್ವಾ" ಎಂದೆ.