ಟ್ಯೂಬಿಲ್ಲದ ಸೈಕಲ್ಲು, ರಾಗಿ ಗಂಜಿ

ರಬ್ಬರ್ ಹಾಲಿನ ವಾಸನೆ ಮೊದಲ ದಿನವೇ ನನಗೆ ಹಿಡಿಸಲಿಲ್ಲ. ಕ್ಯಾನಿನ ಮುಚ್ಚಳ ತೆಗೆದೊಡನೆ ಬಸ್ ನಿಲ್ದಾಣದ ಮೂತ್ರಾಲಯಕ್ಕೆ ಕಾಲಿಟ್ಟ ಹಾಗಾಯಿತು. ಅದನ್ನು ತಂದವನು ನನ್ನ ಹೆಂಡತಿಯ ತಮ್ಮ. ಮಾನೇಸರಿನಲ್ಲಿ ಕಾರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದ ಅವನು ರಾಜಧಾನಿಯ ಸರೋಜಿನಿ ನಗರದಲ್ಲಿ ನಮ್ಮ ಜೊತೆಗೇ ಇದ್ದ. ಸರ್ಕಾರಿ ಕ್ವಾರ್ಟರ್ಸು ಹೆಂಡತಿಗೆ ಸಿಕ್ಕಿದ್ದು. ಅವಳು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆ. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಆ ಬೇಸಿಗೆಯಲ್ಲಿ ಅವಳು ಬಸುರಿ. ಅನ್ನ, ಚಪಾತಿ, ಬಿಸ್ಕತ್ತು, ಎಳನೀರು ಯಾವುದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ನಿಲ್ಲುತ್ತಿದ್ದುದು ರಾಗಿ ಗಂಜಿ ಮಾತ್ರ, ಅದೂ ಆರಿಸಿ ಮಜ್ಜಿಗೆ ಬೆರೆಸಿದ್ದು. ಹಿಟ್ಟನ್ನು ಅತ್ತೆ ಊರಿಂದ ರೈಲಿಗೆ ಬರುವವರ ಕೈಯಲ್ಲಿ ಕಳಿಸಿದ್ದರು. ಡಿಸ್ಪೆನ್ಸರಿಯ ಡಾಕ್ಟರಮ್ಮ ತೂಕ ನೋಡಿ, ಇನ್ನೂ ಇಳಿದರೆ ಆಸ್ಪತ್ರೆಗೆ ಸೇರಿಸಬೇಕಾದೀತು, ಮಗುವಿಗೂ ಒಳ್ಳೆಯದಲ್ಲ ಎಂದಿದ್ದರು. ಹಿಂದೊಮ್ಮೆ ಗರ್ಭ ನಿಲ್ಲದೆ ಜಾರಿಹೋಗಿತ್ತು. ಹಾಗಾಗಿ ಗಂಜಿಯ ಲೋಟ ಖಾಲಿಯಾಯಿತೇ ಎನ್ನುವುದೇ ನಮ್ಮ ಮನೆಯ ಮಟ್ಟಿಗೆ ಮುಖಪುಟದ ಸುದ್ದಿ.

ಅವಳ ತಮ್ಮನಿಗೆ ಸೈಕಲ್ಲಿನ ಹುಚ್ಚು. ಹೌಜ್ ಖಾಸ್ ಕಡೆಯ ಗೆಳೆಯರ ಜೊತೆ ಭಾನುವಾರ ರಿಡ್ಜ್ ಗುಡ್ಡಸಾಲಿನ ಕುರುಚಲು ಕಾಡಿಗೆ ಹೋಗುತ್ತಿದ್ದ. ಜಾಲಿ ಮುಳ್ಳು ಚುಚ್ಚಿಸಿಕೊಂಡು ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಇಂಟರ್ನೆಟ್ಟಿನಲ್ಲಿ ಯಾರೋ ಸಾಮಾನ್ಯ ಚಕ್ರವನ್ನೇ ಟ್ಯೂಬ್‌ಲೆಸ್ ಮಾಡುವ ವಿಧಾನ ಬರೆದಿದ್ದರಂತೆ.

"ಟೈರೊಳಗೆ ರಬ್ಬರ್ ಹಾಲು ಓಡಾಡ್ತಿರುತ್ತೆ ಭಾವ. ಮುಳ್ಳು ಚುಚ್ಚಿದ ತಕ್ಷಣ ಬಂದು ತೂತು ಮುಚ್ಚುತ್ತೆ. ನಾವು ಇಳಿಯೋದೇ ಬೇಡ."

"ಇಳೀಬೇಡ. ಹಾಗೇ ಮಾನೇಸರಿಗೆ ಹೋಗಿ ಅಲ್ಲೇ ಇದ್ಬಿಡು," ಎಂದಳು ಅಕ್ಕ, ಮೂಗಿಗೆ ಸೆರಗು ಹಿಡಿದು.

ಹಿಂದಿನ ವರಾಂಡದಲ್ಲಿ ಕೆಲಸ ಶುರುವಾಯಿತು. ರಿಮ್ಮಿನ ತೂತುಗಳ ಮೇಲೆ ಟೇಪ್ ಸುತ್ತಿದ. ಹಳೆಯ ಟ್ಯೂಬಿನಿಂದ ವಾಲ್ವ್ ಕತ್ತರಿಸಿ ಕೂರಿಸಿದ. ನಾವು ಸ್ನಾನಕ್ಕೆ ಬಳಸುವ ಮಗ್ಗಿನಲ್ಲೇ ರಬ್ಬರ್ ಹಾಲಿಗೆ ನೀರು ಬೆರೆಸಿದ. ಆಮೇಲೆ ಎಷ್ಟು ಉಜ್ಜಿದರೂ ಮಗ್ಗಿನ ಒಳಗೆ ಒಣಗಿದ ಕೆನೆಯಂಥ ಪದರ ಉಳಿದೇ ಉಳಿಯಿತು. ಬೆರಳು ಸೋಕಿದರೆ ಅಂಟುತ್ತಿತ್ತು. ಹಾಲು ಸುರಿದು ಟೈರಿನ ಅಂಚಿಗೆ ಸಾಬೂನು ನೀರು ಬಳಿದು ಪಂಪು ಒತ್ತಿದ. ಅಂಚು ರಿಮ್ಮಿಗೆ ಕೂರಲಿಲ್ಲ. ಸಂದಿಯಿಂದ ನೊರೆಯ ಜೊತೆ ಬಿಳಿ ಹಾಲು ಚಿಮ್ಮಿ ನನ್ನ ಪ್ಯಾಂಟಿನ ಮೇಲೆ ಬಿತ್ತು. ಕೊನೆಗೆ ಚಕ್ರಗಳನ್ನು ಹೊತ್ತು ಪೆಟ್ರೋಲ್ ಬಂಕಿಗೆ ಹೋದೆವು. ಗಾಳಿ ತುಂಬುವವನು ಬಗ್ಗಿ ನೋಡಿದ.

"ಟ್ಯೂಬ್ ಕಹಾಂ ಹೈ?"

"ಟ್ಯೂಬ್ ನಹೀಂ ಹೈ ಭಯ್ಯಾ."

"ಅಚ್ಛಾ. ತೋ ಕಲ್ ಬಿನಾ ಟೈರ್ ಕೆ ಆನಾ," ಎಂದು ನಕ್ಕ. ನಾಳೆ ಟೈರೂ ಇಲ್ಲದೆ ಬನ್ನಿ ಎಂದು. ಆದರೂ ಗಾಳಿ ಬಿಟ್ಟ. ಪಟಪಟ ಸದ್ದಿನೊಂದಿಗೆ ಅಂಚು ಕೂತಿತು. ಮುಂದಿನ ಭಾನುವಾರ ಹುಡುಗ ಪಂಕ್ಚರಿಲ್ಲದೆ ಮರಳಿ ಬಂದ, ಸೈಕಲ್ಲನ್ನು ವರಾಂಡದ ಬಿಸಿಲಿಗೆ ಒರಗಿಸಿದ. ಆಮೇಲೆ ಕಾರ್ಖಾನೆಯಲ್ಲಿ ಕೆಲಸ ಹೆಚ್ಚಾಗಿ ಕೆಲವು ವಾರ ಅದನ್ನು ಮುಟ್ಟಲಿಲ್ಲ.

ಮೇ ತಿಂಗಳ ಕೊನೆಗೆ ಮನೆ ನಾರಲು ತೊಡಗಿತು.

ಮೊದಲು ಹುಳಿ ಬಂದ ಹಿಟ್ಟಿನ ಹಾಗೆ, ಆಮೇಲೆ ಕೊಳೆತ ಮೊಟ್ಟೆಯ ಹಾಗೆ. ಮಲಗುವ ಕೋಣೆಯಲ್ಲೇ ಅದು ಹೆಚ್ಚು. ಮೇಲಿನ ಮನೆಯ ಪಂಜಾಬಿ ಆಂಟಿ ಮೆಟ್ಟಿಲಿನಲ್ಲಿ ನನ್ನನ್ನು ನಿಲ್ಲಿಸಿ, "ಭಾಯಿಸಾಬ್, ಆಪ್ ಕೆ ಯಹಾಂ ಚೂಹಾ ಮರಾ ಹೈ ಕ್ಯಾ?" ಎಂದು ಕೇಳಿದರು. ಇಲಿಯೇ ಸತ್ತಿರಬೇಕೆಂದು ಫ್ರಿಜ್ಜು ಸರಿಸಿದೆ, ಮಂಚದಡಿ ತೆವಳಿದೆ, ಚರಂಡಿಯ ಜಾಲರಿ ಎತ್ತಿದೆ. ಜಾಲರಿಯಡಿ ಕೂದಲಿನ ಉಂಡೆಯಿತ್ತು, ಇಲಿ ಇರಲಿಲ್ಲ. ಹೆಂಡತಿ ಮುಂದಿನ ಕೋಣೆಗೆ ಹಾಸಿಗೆ ಬದಲಾಯಿಸಿದಳು. ಗಂಜಿ ಇನ್ನೂ ನಿಲ್ಲುತ್ತಿತ್ತು, ಆದರೆ ಅರ್ಧ ಲೋಟ.

ಮಲಗುವ ಕೋಣೆಯ ಕಿಟಕಿಗೆ ಹೊರಗಿನಿಂದ ಕೂರಿಸಿದ್ದ ಕೂಲರಿನ ನೀರಿನ ತೊಟ್ಟಿ ತೊಳೆಯಲು ವರಾಂಡಕ್ಕೆ ಹೋದಾಗ ಕಾರಣ ತಿಳಿಯಿತು. ಕೂಲರ್ ಹಿಂದಿನಿಂದ ಗಾಳಿ ಎಳೆದು ಕೋಣೆಗೆ ಊದುತ್ತದೆ. ಅದರ ಬೆನ್ನಿಗೇ ಸೈಕಲ್ ಒರಗಿತ್ತು. ಹಿಂದಿನ ಟೈರಿನ ಅಂಚಿನಿಂದ ಕಂದು ಬಣ್ಣದ ಲೋಳೆ ಒಸರಿ, ನೆಲದ ಮೇಲೆ ಹೆಪ್ಪುಗಟ್ಟಿ, ನೊಣ ಮುತ್ತಿತ್ತು.

ಭಾವಮೈದುನನನ್ನು ಕರೆದೆ. ಅವನು ಕರವಸ್ತ್ರ ಕಟ್ಟಿಕೊಂಡು ವಾಲ್ವ್ ಒತ್ತಿದ. ಒಳಗಿನದು ಸುಯ್ಯೆಂದು ಗೋಡೆಗೆ ಎರಚಿತು. ಟೈರು ಬಿಚ್ಚಿದರೆ ಮೊಸರಿನಂಥ ಗೆಡ್ಡೆ, ನೂಲು ನೂಲಾದ ರಬ್ಬರು, ಬೂದು ನೀರು. ಅದು ಅವನ ಕೈಗೆ ಅಂಟಿತು, ಕೈಯಿಂದ ಬಾಗಿಲಿಗೆ ಅಂಟಿತು.

"ರಬ್ಬರು ಹೀಗೆ ಕೊಳೆಯುತ್ತೇನೋ?" ಎಂದೆ.

"ರಬ್ಬರಲ್ಲ ಭಾವ. ತೂತಿಗೆ ಸಿಕ್ಕಿಕೊಳ್ಳೋಕೆ ಏನಾದ್ರೂ ಸಣ್ಣ ಪುಡಿ ಬೆರೆಸಿ ಅಂತ ಬರೆದಿದ್ರು. ಅಮೆರಿಕದವರು ಜೋಳದ ಪುಡಿ ಹಾಕ್ತಾರಂತೆ. ನಮ್ಮ ರಾಗಿ ಅದಕ್ಕಿಂತ ನುಣುಪು ಅಲ್ವಾ ಅಂತ..."

"ರಾಗಿ ಹಾಕಿದ್ಯಾ?"

ಕೇಳಿದ್ದು ನಾನಲ್ಲ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಗಂಜಿಯ ಲೋಟ.

"ಎರಡೇ ಹಿಡಿ ಅಕ್ಕ. ಡಬ್ಬಿ ತುಂಬ ಇತ್ತು."

ಅವಳು ಟೈರನ್ನು ನೋಡಿದಳು, ಲೋಟವನ್ನು ನೋಡಿದಳು. ಎರಡರ ಬಣ್ಣವೂ ಹೆಚ್ಚುಕಡಿಮೆ ಒಂದೇ. ಕುಡಿದದ್ದೆಲ್ಲ ಅಲ್ಲೇ ಹೊರಬಂತು. ತಮ್ಮ ಹಿಡಿಯಲು ಹೋದಾಗ, "ಆ ಕೈಯಲ್ಲಿ ಮುಟ್ಬೇಡ ಕಣೋ!" ಎಂದು ಕಿರುಚಿದಳು.

ಅಂದಿನಿಂದ ರಾಗಿಯ ಡಬ್ಬಿ ತೆರೆದರೂ ಅವಳಿಗೆ ವಾಂತಿ. ಬೇರೇನೂ ಮೊದಲೇ ನಿಲ್ಲುತ್ತಿರಲಿಲ್ಲ. ತಮ್ಮ ಟೈರುಗಳನ್ನು ಕಸದ ಗುಂಡಿಗೆ ಎಸೆದು, ವರಾಂಡವನ್ನು ಫಿನಾಯಿಲ್ ಹಾಕಿ ಉಜ್ಜಿದ. ಫಿನಾಯಿಲಿಗೂ ಅವಳಿಗೆ ವಾಂತಿ. ನಾಲಗೆ ಒಣಗಿ, ಎದ್ದರೆ ತಲೆ ಸುತ್ತುವ ಹಂತಕ್ಕೆ ಬಂದಾಗ ಆಸ್ಪತ್ರೆಗೆ ಸೇರಿಸಿದೆವು. ಡ್ರಿಪ್ ಹಾಕಿ, ಸ್ವಲ್ಪ ಚೇತರಿಸಿಕೊಂಡ ಮೇಲೆ ಮನೆಗೆ ಕಳಿಸಿದರು. ಮಗುವಿನ ಎದೆಬಡಿತ ಸರಿಯಿದೆ, ಆದರೆ ಬಾಯಿಂದಲೇ ಊಟ ಒಳಹೋಗಬೇಕು, ಇಲ್ಲದಿದ್ದರೆ ಮತ್ತೆ ಇಲ್ಲಿಗೇ ಎಂದರು.

ಮರಳುವಾಗ ಆಟೋ ಸರೋಜಿನಿ ಮಾರ್ಕೆಟ್ಟಿನ ಜನಜಂಗುಳಿಯಲ್ಲಿ ಸಿಕ್ಕಿಕೊಂಡಿತು. ನಾನು ಪ್ಲಾಸ್ಟಿಕ್ ಚೀಲ ಬಿಚ್ಚಿ ಹಿಡಿದು ಕೂತಿದ್ದೆ. ಪಕ್ಕದಲ್ಲೇ ಕಕ್ಡಿಯ ಗಾಡಿ. ಹಾವಿನಂತೆ ಸೊಟ್ಟಗೆ ಬೆಳೆಯುವ ಎಳೆಸೌತೆ ಅದು. ಮಾರುವವನು ಅದನ್ನು ಕಪ್ಪಗಿನ ಬಕೆಟ್ಟಿನಲ್ಲಿ ಅದ್ದುತ್ತಿದ್ದ. ನೀರಿನ ಮೇಲೆ ಎಲೆ, ಸಿಪ್ಪೆ, ಒಂದು ಬೀಡಿ ತುಂಡು ತೇಲುತ್ತಿದ್ದವು. ಅವನು ಕುತ್ತಿಗೆಯ ಬೆವರು ಒರೆಸಿಕೊಂಡ ಬಟ್ಟೆಯಿಂದಲೇ ಚಾಕು ಒರೆಸಿ, ಸೀಳಿ, ಕಪ್ಪು ಉಪ್ಪು ಸವರಿ, ಹಿಂಡಿಬಿಟ್ಟಿದ್ದ ನಿಂಬೆಹೋಳನ್ನೇ ಮತ್ತೆ ಉಜ್ಜಿದ.

"ರೀ, ಅದು ಬೇಕು."

"ಆ ನೀರು ನೋಡಿದ್ಯಾ?"

"ನೋಡಿದೆ. ಬೇಕು."

ಡೆಸ್ಕಿನಲ್ಲಿ ಪ್ರತಿ ಬೇಸಿಗೆಯೂ ಬೀದಿಬದಿಯ ಹೆಚ್ಚಿದ ಹಣ್ಣು ತಿನ್ನಬೇಡಿ ಎಂಬ ಸುದ್ದಿಯನ್ನು ನಾನೇ ತಿದ್ದುತ್ತಿದ್ದೆ. ಆದರೂ ಇಳಿದು ತಂದುಕೊಟ್ಟೆ. ಅವಳು ತೊಟ್ಟಿನವರೆಗೂ ತಿಂದಳು. ಉಪ್ಪು ನೀರು ಮೊಣಕೈವರೆಗೆ ಇಳಿಯಿತು, ಅದನ್ನೂ ನೆಕ್ಕಿದಳು. ನಾನು ಚೀಲವನ್ನು ಅವಳ ಬಾಯಿಯ ಬಳಿ ಹಿಡಿದು ಕಾದೆ. ಆಟೋದವನು ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದ. ದಟ್ಟಣೆ ಸಡಿಲಿತು, ಅವನು ಗೇರ್ ಹಾಕಿದ. ಏನೂ ಹೊರಗೆ ಬರಲಿಲ್ಲ.

"ಚೀಲ ಆಚೆ ತೆಗೀರಿ," ಎಂದಳು, "ಪ್ಲಾಸ್ಟಿಕ್ ವಾಸನೆ. ಆಟೋ ನಿಲ್ಲಿಸೋಕೆ ಹೇಳಿ. ಇನ್ನೊಂದು ತನ್ನಿ."

ನಾನು ಇಳಿದು ಹಿಂದಕ್ಕೆ ನಡೆದೆ. ಗಾಡಿಯವನು ಇನ್ನೊಂದು ಕಕ್ಡಿಯನ್ನು ಅದೇ ನೀರಿಗೆ ಅದ್ದಿದ. ನಾನು ಬೇರೆ ಕಡೆ ನೋಡುತ್ತ, ಉಪ್ಪು ಸ್ವಲ್ಪ ಜಾಸ್ತಿ ಹಾಕಲು ಹೇಳಿದೆ.