ಅತ್ತಿಗೆಯ ಇಸ್ತ್ರಿ ಮತ್ತು ಹಂಪಿಯ ಟೀ ಶರ್ಟು

ಸ್ನೇಹಿತರೇ, ಟೀ ಶರ್ಟಿನ ಸರಿಯಾದ ಮಗ್ಗುಲು ಯಾವುದು? ಬೆಳಗ್ಗೆ ಗೊತ್ತಿತ್ತು, ಈಗ ಗೊತ್ತಿಲ್ಲ.

ನಾಳೆ ಮನೆಯವರೆಲ್ಲ ಹಂಪಿಗೆ ಹೊರಟಿದ್ದೇವೆ. ಎಲ್ಲರಿಗೂ ಹಳದಿ ಟೀ ಶರ್ಟು ತಂದು, ಇಸ್ತ್ರಿಯ ಬಿಸಿಗೆ ಅಂಟುವ ವಿನೈಲ್ ಹಾಳೆಯಲ್ಲಿ ‘ರಾಯದುರ್ಗದಿಂದ ಹಂಪಿಗೆ’ ಎಂದು ಕತ್ತರಿಸಿದ್ದೆ. ಅಂಟಿಸುವ ಕೆಲಸ ಅತ್ತಿಗೆಗೆ ಒಪ್ಪಿಸಿದೆ. ಅವರು ಜೀನ್ಸ್ ಗಾರ್ಮೆಂಟ್ಸಿನಲ್ಲಿ ದಿನವಿಡೀ ಹೊಲಿದು ಇಸ್ತ್ರಿ ಹಾಕುವವರು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಟೀ ಶರ್ಟುಗಳ ಮೇಲೆ ಒಂದಕ್ಷರವೂ ಇರಲಿಲ್ಲ!

“ಅತ್ತಿಗಿ, ಅಕ್ಷರ ಎಲ್ಲಿ?”

“ಒಳಗ ಅದಾವ. ಬಟ್ಟಿ ತಿರುವಿ ಹಾಕೇ ಇಸ್ತ್ರಿ ಮಾಡ್ಬೇಕಲ್ರಿ, ಇಲ್ಲಂದ್ರ ಬಣ್ಣ ಸುಡ್ತೈತಿ.”

“ಹಂಗಾರ ಒಳಗಿಂದು ಹೊರಗ ಮಾಡಿ ಹಾಕ್ಕೊಳ್ಳೋಣು.”

ಅತ್ತಿಗೆ ಸಿಡುಕಿದರು. “ಹೊಲಿಗಿ ಹೊರಗ ಬಿಟ್ಕೊಂಡು ಹೋಗೋದಾ? ಊರ ಹೆಸರು ಬ್ಯಾರೆ ಬರ್ದೀರಿ! ರಾಯದುರ್ಗದೋರಿಗೆ ಹೊಲ್ಯಾಕ ಬರಂಗಿಲ್ಲ ಅಂತಾರ!”

ಅಮ್ಮನೂ ಸೊಸೆಯ ಕಡೆಗೇ ನಿಂತರು. ಹಾಳೆ ಮುಗಿದಿದೆ, ಅಂಟಿದ್ದು ಕೀಳಲು ಬರುವುದಿಲ್ಲ.

ನಾಳೆ ಹಂಪಿಯಲ್ಲಿ ಏನೂ ಬರೆಯದ ಹಳದಿ ಟೀ ಶರ್ಟಿನ ಕುಟುಂಬ ಕಂಡರೆ ಅದು ನಾವೇ. ಊರ ಹೆಸರು ಎದೆಗೇ ಅಂಟಿದೆ, ಕೇಳಿದರೆ ಬಾಯಲ್ಲಿ ಹೇಳುತ್ತೇವೆ.